ಗೇಟಿಲ್ಲದ ಊರಿನ ಧೀರ

ಕೋರಮಂಡಲ್ ಚಿನ್ನದ ಗಣಿಯಲ್ಲಿ ನಾನು ಗುಮಾಸ್ತನಾಗಿದ್ದಾಗ, ಕೆಲಸ ಮುಗಿಸಿ ಹೊರಡುವವರನ್ನೆಲ್ಲ ಗೇಟಿನಲ್ಲಿ ತಡಕಿ ನೋಡಿಯೇ ಬಿಡುತ್ತಿದ್ದರು. ಒಂದು ಸಂಜೆ ಕಾವಲುಗಾರ ನನ್ನ ಕೈಲಿದ್ದ ಅಮೆರಿಕದ ಕಾದಂಬರಿಯನ್ನೂ ತಲೆಕೆಳಗಾಗಿ ಹಿಡಿದು ಕೊಡವಿದ. ಚಿನ್ನವೇನೂ ಉದುರಲಿಲ್ಲ. ನನಗೋ ಬಂಗಾರಪೇಟೆ ರೈಲಿಗೆ ಹೊತ್ತಾಗುತ್ತಿತ್ತು.

“ಏನ್ ಕತೆ ಸಾ ಇದ್ರಾಗೆ?”

“ಮಹಾ ಧೈರ್ಯವಂತನದಪ್ಪ. ಬಡತನ ತಾಳಲಾರದೆ ಹಿಮದ ಬೆಟ್ಟಕ್ಕೆ ಹೋಗಿ, ತೋಳಗಳ ಜೊತೆ ಹೊಡೆದಾಡಿ, ಒಂದು ಚೀಲ ಚಿನ್ನ ತರ್ತಾನೆ.”

“ಗೇಟ್ನಾಗೆ ಯಾರೂ ಅವ್ನನ್ನ ಇಡ್ಕೊಳ್ಳಲಿಲ್ವಾ?”

“ಅಲ್ಲಿ ಗೇಟೇ ಇಲ್ಲ.”

ಅವನು ಪುಸ್ತಕವನ್ನು ನನ್ನ ಕೈಗೆ ತುರುಕಿದ. “ಗೇಟೇ ಇಲ್ದಿದ್ರೆ ಅದೇನ್ ಧೈರ್ಯ ಸಾ? ನಮ್ಮಜ್ಜೀನೂ ಚಿನ್ನ ತತ್ತಿದ್ಲು!”

ಅಷ್ಟರಲ್ಲಿ ರೈಲು ಕೂಗಿಕೊಂಡು ಹೊರಟೇ ಹೋಯಿತು. ಬಂಗಾರಪೇಟೆಗೆ ನಡೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಆ ತೋಳಗಳದೇ ಯೋಚನೆ. ಪಾಪ, ಅವಕ್ಕೆ ಕಚ್ಚುವುದಷ್ಟೇ ಗೊತ್ತು. ಜೇಬು ತಡಕಲು ಬಾರದು.