ಆ ಮಧ್ಯಾಹ್ನ ಮರಳು ಹೊತ್ತವನು

ದೆವ್ವ, ಗಾಳಿ ಅಂತ ಯಾರಾದರೂ ಮಾತು ತೆಗೆದರೆ ನಾನು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದುಹೋಗುತ್ತಿದ್ದೆ. ಮೈ ಬಗ್ಗಿಸಿ ದುಡಿಯದವರಿಗೆ ಇಂಥವೆಲ್ಲ ಕಾಣುತ್ತವೆ ಎಂದು ಜಗಲಿಯ ಮೇಲೆ ಕೂತವರ ಮುಖಕ್ಕೇ ಹೇಳಿದ್ದೇನೆ. ಆ ಮಾತನ್ನು ಈಗ ಹೇಳುವುದಿಲ್ಲ. ಹಾಗಂತ ನನಗೆ ಕಂಡದ್ದು ದೆವ್ವ ಎಂದೂ ಹೇಳುವುದಿಲ್ಲ. ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟವನು ನಾನು. ನನ್ನ ಬರವಣಿಗೆಯಲ್ಲಿ ಸೊಗಸು ಹುಡುಕಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ನಮ್ಮೂರು ಹೆಡತಲೆ. ಮಳೆಗಾಲದಲ್ಲಿ ಹೊಲದ ಕೆಲಸ, ಬೇಸಿಗೆಯಲ್ಲಿ ಕಪಿಲಾ ಹೊಳೆ ತಗ್ಗಿದಾಗ ಜಲಗಾರಿಕೆ. ಅಂದರೆ ಹೊಳೆಯ ಮರಳು ತೊಳೆದು ಚಿನ್ನದ ಪುಡಿ ತೆಗೆಯುವುದು. ಒಬ್ಬ ನೀರೊಳಗೆ ಕೈ ಹಾಕಿ ಬಂಡೆಯ ಬುಡ ಬಗೆದು, ಮರಳನ್ನು ಬುಟ್ಟಿಗೆ ತುಂಬಿ ಹೊತ್ತು ತರಬೇಕು. ಇನ್ನೊಬ್ಬ ನೀರಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಗಲ ಬಾಯಿಯ ಮರದ ಮರಿಗೆಯಲ್ಲಿ ಅದನ್ನು ಆಡಿಸುತ್ತಲೇ ಇರಬೇಕು. ಹಗುರ ಮರಳೆಲ್ಲ ನೀರಿನ ಜೊತೆ ಹೋಗಿ ಕೊನೆಗೆ ತಳದಲ್ಲಿ ಒಂದು ಹಿಡಿ ಕರಿಮರಳು ಉಳಿಯುತ್ತದೆ. ಪುಣ್ಯವಿದ್ದರೆ ಅದರಲ್ಲಿ ಎರಡು ಮಿಣುಕು.

ಈ ಕೆಲಸಕ್ಕೆ ಎರಡು ಕಟ್ಟಲೆ ಇದ್ದವು. ಮರಿಗೆ ಆಡುತ್ತಿರುವಾಗ ಯಾರೂ ಮಾತಾಡಕೂಡದು. ಮತ್ತೆ, ಒಳ್ಳೆಯ ಜಾಗ ಕಂಡವನು ಸಂಜೆ ತನ್ನ ಮರಿಗೆಯನ್ನು ಅಲ್ಲೇ ಬೋರಲು ಹಾಕಿ ಹೋಗಬೇಕು. ಬೋರಲು ಬಿದ್ದ ಮರಿಗೆಯನ್ನು ಇನ್ನೊಬ್ಬ ಎತ್ತುವುದಿಲ್ಲ. ಹೆಂಡ ಕುಡಿದು ತೂರಾಡುವವನೂ ಅದನ್ನು ಮುಟ್ಟದೆ ಸುತ್ತುಹಾಕಿ ಹೋಗುತ್ತಿದ್ದ.

ನನ್ನ ಜೊತೆಗಾರ ನಿಂಗಯ್ಯ. ನನ್ನ ತಂಗಿಯನ್ನು ನಾನೇ ಮುಂದೆ ನಿಂತು ಅವನಿಗೆ ಕೊಟ್ಟಿದ್ದೆ. ಒಂಬತ್ತು ಬೇಸಿಗೆ ಒಟ್ಟಿಗೆ ಹೊಳೆಗೆ ಇಳಿದಿದ್ದೆವು. ಹೊರುವುದು ನಾನು, ಆಡಿಸುವುದು ಅವನು. ಅವನಿಗೆ ಎರಡು ಬುಟ್ಟಿಗೊಮ್ಮೆ ಎಲೆ ಅಡಿಕೆ ಬೇಕು, ಅದಕ್ಕೆ ನಾನು ಬೈಯಬೇಕು.

ಆ ವರ್ಷ ನರಸೀಪುರದ ಕಡೆಗೆ ಹೊಳೆ ತಿರುಗುವಲ್ಲಿ, ಒಂದು ಹೊಳೆಮತ್ತಿ ಮರದ ಬುಡದ ಬಂಡೆಯ ಕೆಳಗೆ ನನಗೆ ಒಳ್ಳೆಯ ಜಾಗ ಸಿಕ್ಕಿತು. ಅದೇ ಹೊತ್ತಿಗೆ ಚಿನ್ನದ ನೆಲ ಹುಡುಕುವ ಒಬ್ಬ ಬಿಳಿಯ ದೊರೆ ರೈಲಿನಲ್ಲಿ ನಂಜನಗೂಡಿಗೆ ಬಂದಿಳಿದು, ನರಸೀಪುರದ ಬಂಗಲೆಯಲ್ಲಿ ಬಿಡಾರ ಮಾಡಿದ್ದ. ಜಾಗ ತೋರಿಸಿದವನ ಹೆಸರನ್ನು ಕಾಗದದಲ್ಲಿ ಬರೆದುಕೊಂಡು ಅವನನ್ನೇ ಮೇಸ್ತ್ರಿ ಮಾಡುತ್ತಾರೆ ಎಂದು ಸುದ್ದಿ. ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಬುದ್ಧಿ ಬಂದಾಗಿನಿಂದ ಕಂಡವರ ಹೊಲದಲ್ಲಿ ಕಂಡವರ ಮಾತು ಕೇಳಿ ದುಡಿದಿದ್ದೆ. ಒಂದು ಸಲ ನನ್ನ ಹೆಸರು ಕಾಗದದ ಮೇಲೆ ಬರಬೇಕು, ನಾನು ಹೇಳಿದ್ದನ್ನು ನಾಲ್ಕು ಜನ ಕೇಳಬೇಕು ಅನ್ನಿಸಿತು. ನಿಂಗಯ್ಯನಿಗೆ ಹೇಳಿದೆ.

"ಸ್ವಾಮಾರ ಇಬ್ರೂ ಒಟ್ಗೇ ಓಗವ ಬಾವ. ಅಕ್ಸರ ಕಲ್ತೋನು ನೀನು, ನೀನೇ ಮಾತಾಡು. ನಾನು ಇಂದ್ಗಡೆ ನಿಂತ್ಕತೀನಿ" ಅಂದ.

"ಯಾಕ್ಲಾ, ದೊರೆ ನಿನ್ನ ತಿಂದಾನಾ?"

"ನನ್ ಮೂತಿ ನೋಡಿ ಅವ್ನೇ ರೈಲತ್ತಿ ಓಡೋದಾನು ಕಣ್ ಬಾವ!"

ಇಬ್ಬರೂ ನಕ್ಕೆವು.

ಆ ಸೋಮವಾರಕ್ಕೆ ಮುಂಚಿನ ಶುಕ್ರವಾರ, ಅವ್ವನಿಗೆ ಜ್ವರ, ಕಳಲೆಗೆ ಹೋಗಿ ನೋಡಿಕೊಂಡು ಬರುತ್ತೇನೆ ಎಂದು ಅವನು ಬೆಳಿಗ್ಗೆಯೇ ಹೊರಟ. ನಾನು ಒಬ್ಬನೇ ಹೊಳೆಗೆ ಹೋದೆ. ಹೊರುವುದೂ ನಾನೇ, ಆಡಿಸುವುದೂ ನಾನೇ. ಬಿಸಿಲು ನೆತ್ತಿಗೆ ಬಂದರೂ ನಾಲ್ಕು ಬುಟ್ಟಿ ದಾಟಿರಲಿಲ್ಲ. ಐದನೆಯದನ್ನು ಆಡಿಸುತ್ತಾ ತಲೆ ಎತ್ತಿದರೆ ನಿಂಗಯ್ಯ ದಡ ಇಳಿದು ಬರುತ್ತಿದ್ದಾನೆ. "ಅವ್ವ ಹೆಂಗವ್ಳೆ?" ಅಂದೆ. ಮರಿಗೆ ಆಡುವಾಗ ಬಾಯಿಬಿಟ್ಟೆನಲ್ಲ ಎಂದು ನಾನೇ ನಾಲಿಗೆ ಕಚ್ಚಿಕೊಂಡು ಸುಮ್ಮನಾದೆ.

ಅವನು ಸೀದಾ ಹೋಗಿ ಬುಟ್ಟಿ ಎತ್ತಿಕೊಂಡ. ಹೊರುವುದು ನನ್ನ ಕೆಲಸ. ಒಂಬತ್ತು ವರ್ಷದಲ್ಲಿ ಅವನು ಅದಕ್ಕೆ ಕೈ ಹಾಕಿದ್ದು ನಾನು ನೋಡಿರಲಿಲ್ಲ. ಇವತ್ತು ಏನೋ ಖುಷಿಯಲ್ಲಿದ್ದಾನೆ ಅಂದುಕೊಂಡೆ. ನೀರಿನಲ್ಲಿ ಬಗ್ಗಿ ಬಗೆಯುವುದು, ಹೊತ್ತು ತಂದು ಸುರಿಯುವುದು, ಮತ್ತೆ ಹೋಗುವುದು. ಒಂದು ಸಲವೂ ಕೂರಲಿಲ್ಲ. ಎಲೆ ಅಡಿಕೆ ಮುಟ್ಟಲಿಲ್ಲ. ಅವನ ದುಡಿತ ನೋಡಿ, ಇಂಥ ಭಾವಮೈದ ಸಿಗುವುದಕ್ಕೆ ನಾನು ಏನು ಪುಣ್ಯ ಮಾಡಿದ್ದೆನೋ ಎಂದು ನಿಜವಾಗಿಯೂ ಮನಸ್ಸು ತುಂಬಿ ಬಂತು.

ಹೊತ್ತು ಇಳಿಯುವಾಗ ತಳದಲ್ಲಿ ನಿಂತ ಚಿನ್ನ ನೋಡಿ ನನಗೇ ನಂಬಿಕೆ ಬರಲಿಲ್ಲ. ಅಷ್ಟು ನಾವು ಯಾವತ್ತೂ ಕಂಡಿರಲಿಲ್ಲ. ಎಲೆಯ ಮೇಲೆ ಎರಡು ಪಾಲು ಮಾಡಿದೆ. ಅವನು ಅಂಗೈ ಒಡ್ಡಿದ, ಒಂದು ಪಾಲು ಸುರಿದೆ. ಮುಷ್ಟಿ ಮುಚ್ಚಿಕೊಂಡು "ಇವತ್ತಿಗಾಯ್ತು ಬಾವ" ಅಂದು ದಡ ಹತ್ತಿ ಹೋದ. ಆ ದಿನ ಅವನು ಆಡಿದ್ದು ಅದೊಂದೇ ಮಾತು. ನಾನು ಮರಿಗೆ ಬೋರಲು ಹಾಕಿ ಮನೆಗೆ ಬಂದೆ.

ಮಾರನೆಯ ದಿನ ಹೋಗುವ ಹೊತ್ತಿಗೆ ಬಂಡೆಯ ಸುತ್ತ ಕೆಂಪು ಬಟ್ಟೆ ಕಟ್ಟಿದ ನಾಲ್ಕು ಗಳ ನೆಟ್ಟಿದ್ದರು. ನನ್ನ ಮರಿಗೆ ಮರದ ಬುಡದಲ್ಲಿ ಅಂಗಾತ ಬಿದ್ದಿತ್ತು. ಕಾವಲಿಗೆ ಇಬ್ಬರು ಜವಾನರು.

"ಯಾರಯ್ಯ ನೀನು? ಇದು ದೊರೆ ಜಾಗ" ಅಂದ ಒಬ್ಬ.

"ಮರಿಗೆ ನಂದು ಕಣಪ್ಪ. ಯಾರು ಎತ್ತುದ್ರು?"

"ಜಾಗ ತೋರ್ಸ್ದೋನೇ ಎತ್ತಿ ಮಡಗ್ದ. ನಿಂಗಯ್ಯ ಅಂತ. ನೆನ್ನೆ ಬೆಳಿಗ್ಗೆಯಿಂದ ದೀಪ ಅಚ್ಚೋಗಂಟ ಬಂಗ್ಲೇಲೇ ಕೂತಿದ್ದ. ಇವತ್ತು ನಮ್ಮನ್ನ ಕರ್ಕಂಡ್ ಬಂದು ತೋರ್ಸ್ಬುಟ್ಟು ಓದ."

ನಾನು ನಕ್ಕುಬಿಟ್ಟೆ. "ನೆನ್ನೆ ಅವ್ನು ನನ್ಜೊತೆ ಮರಳು ಒತ್ತವ್ನೆ."

"ಇಬ್ರೂ ನೋಡಿವ್ವಿ ಅಂತೀವಿ, ನಿಂದೇ ಒಂದು. ಬೆಳಿಗ್ಗೇನೇ ಆಕ್ಕಂಡ್ ಬಂದಿದೀಯಾ?"

ಬಂಗಲೆ ಅಲ್ಲಿಂದ ಮೂರು ಹರದಾರಿ, ನಡುವೆ ಎದ್ದು ಬಂದು ಹೋಗುವಷ್ಟು ಹತ್ತಿರವಲ್ಲ. ನಾನು ಬಂಡೆಯ ಹತ್ತಿರ ಹೋಗಿ ನೋಡಿದೆ. ತೊಳೆದು ಎಸೆದ ಮರಳು ನನ್ನ ಸೊಂಟದೆತ್ತರ ಗುಡ್ಡೆಯಾಗಿ ಬಿದ್ದಿತ್ತು. ಒಬ್ಬ ಮನುಷ್ಯ ಮೂರು ದಿನ ಮಾಡಿದರೂ ಅಷ್ಟಾಗುವುದಿಲ್ಲ. ಆ ಕೆಲಸ ನನಗೆ ಗೊತ್ತು.

ಅಲ್ಲಿಂದ ಸೀದಾ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಲಿಲ್ಲ.

"ಮರಿಗೆ ಯಾಕ್ಲಾ ಎತ್ತಿದೆ?"

"ನೀನು ಬಂದಿದ್ರೆ ನಿನ್ನೆಸ್ರೇ ಬರ್ಕತಿದ್ರು ಬಾವ" ಅಂದ, ನೆಲ ನೋಡುತ್ತ. "ಒಂಬತ್ ವರ್ಸದಿಂದ ನಿನ್ ಇಂದೇನೇ ನಿಂತಿವ್ನಿ."

ಮೈಯೆಲ್ಲ ಉರಿಯಿತು. ಆದರೂ ಆ ಮಾತು ನನಗೆ ಅರ್ಥವಾಯಿತು. ಅರ್ಥವಾಗದೆ ಇದ್ದದ್ದು ಇನ್ನೊಂದು. "ಜಾಗ ಮಾರ್ಕಂಡ್ಮೇಲೆ ಮಧ್ಯಾನ ಯಾಕ್ ಬಂದೆ? ಬಂದು ಕೈಯೊಡ್ಡಿ ಪಾಲ್ ಬೇರೆ ಇಸ್ಕಂಡ್ಯಲ್ಲ, ನಾಚ್ಕೆ ಆಗ್ನಿಲ್ವಾ?"

"ಯಾವ್ ಪಾಲು?"

ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು. ತನ್ನ ಎರಡೂ ಕೈಯನ್ನು ಮುಂದೆ ಹಿಡಿದು ನೋಡಿಕೊಂಡ.

"ನೆನ್ನೆ ಬಂಗ್ಲೇಲಿ ಎಬ್ಬೆಟ್ ಒತ್ಸುವಾಗ ಮೂರ್ ಸಲಾನೂ ಗೀರು ಮೂಡ್ನಿಲ್ಲ ಬಾವ. ಬೆರಳೆಲ್ಲ ನೆಂದು ಸುಕ್ಕಾಗೋಗಿದ್ದೊ. 'ಬೆಳಿಗ್ಗೆಯಿಂದ ಬಟ್ಟೆ ಒಗೀತಿದ್ದೆಯೇನಯ್ಯಾ' ಅಂತ ಗುಮಾಸ್ತ ಬೈದ. ನಮ್ಮವ್ವನಾಣೆ, ನಾನು ನೆನ್ನೆ ಕುಡಿಯಾಕೆ ಬುಟ್ರೆ ನೀರೇ ಮುಟ್ಟಿರ್ನಿಲ್ಲ."

ಒಳಗೆ ನನ್ನ ತಂಗಿ ಅಳುವುದು ಕೇಳಿಸಿತು. ನಾನು ಹೊರಟು ಬಂದೆ.

ಅವನು ಮೇಸ್ತ್ರಿಯಾದ. ತನ್ನ ಕೈಕೆಳಗೆ ಕೆಲಸ ಕೊಡುತ್ತೇನೆ ಎಂದು ಹೇಳಿ ಕಳಿಸಿದ, ನಾನು ಹೋಗಲಿಲ್ಲ. ಮತ್ತೆ ಜಲಗಾರಿಕೆಗೂ ಹೋಗಲಿಲ್ಲ. ಅವನು ಸುಳ್ಳು ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ನರಸೀಪುರಕ್ಕೆ ಹೋಗಿ ಬಂಗಲೆಯವರನ್ನೆಲ್ಲ ಕೇಳಿದೆ. ಅವನು ಅಲ್ಲೇ ಇದ್ದದ್ದೂ ನಿಜ, ಬೆರಳು ಸುಕ್ಕಾಗಿದ್ದದ್ದೂ ನಿಜ.

ಇಷ್ಟು ವರ್ಷವಾದರೂ ನಿಂಗಯ್ಯ ಎದುರಿಗೆ ಬಂದರೆ ನಾನು ಮುಖ ತಿರುಗಿಸಿಕೊಂಡು ಹೋಗುತ್ತೇನೆ. ಅವನು ಮಾಡಿದ್ದಕ್ಕೆ ಅದು ಕಡಿಮೆಯೇ. ಆದರೆ ಹತ್ತು ಹೆಜ್ಜೆ ಮುಂದೆ ಬಂದ ಮೇಲೆ ಕಾಲು ತಡೆಯುತ್ತದೆ. ಆ ಮಧ್ಯಾಹ್ನ ಒಂದು ಸಲವೂ ಕೂರದೆ ನನಗಾಗಿ ದುಡಿದವನೊಬ್ಬನಿದ್ದನಲ್ಲ, ಅವನಿಗೂ ಮುಖ ತಿರುಗಿಸಿ ಬಂದೆನೋ ಏನೋ, ನನಗೆ ತಿಳಿಯದು.