ಹಂಚಿ ತಿಂದ ಗಿಣ್ಣು

ನಮ್ಮ ಯಜಮಾನರು ಮೆಲ್ಬರ್ನ್ ಆಚೆಯ ಡೈರಿ ಫಾರ್ಮಿನಲ್ಲಿ ಹಾಲು ಕರೆಯುತ್ತಿದ್ದರು. ಫ್ಯಾಕ್ಟರಿಯವರು ಬೆಲೆ ಕಟ್ಟುವುದು ಲೀಟರಿಗಲ್ಲ, ಹಾಲಿನಲ್ಲಿರುವ ಕೊಬ್ಬು, ಪ್ರೋಟೀನಿಗೆ. ಆದರೆ ಎಲ್ಲಕ್ಕಿಂತ ಗಟ್ಟಿಯಾದ ಗಿಣ್ಣುಹಾಲನ್ನು ಮಾತ್ರ ಮುಟ್ಟುವುದಿಲ್ಲ! ಕರು ಕುಡಿದು ಮಿಕ್ಕಿದ್ದನ್ನು ಇವರು ಮನೆಗೆ ತರುತ್ತಿದ್ದರು. ಚೆಲ್ಲುವುದನ್ನು ತರೋಕೆ ಯಾರನ್ನು ಕೇಳಬೇಕು? ಗಿಣ್ಣನ್ನು ಹಂಚದೆ ತಿನ್ನಬಾರದೆಂದು ನಾನು ನಾವಿರುವ ಟ್ರುಗನಿನಾ ಬಡಾವಣೆಯ ಕನ್ನಡದವರ ಮನೆಗೆಲ್ಲ ಕೊಡುತ್ತಿದ್ದೆ. ಪಕ್ಕದ ಮನೆಯ ಜೀವನ್ ಎರಡೆರಡು ಸಲ ಹಾಕಿಸಿಕೊಂಡು ತಿಂದ. ತಿಂದು ಬಾಯಿ ಒರೆಸಿಕೊಂಡವನೇ ಫಾರ್ಮಿನ ಓನರ್‌ಗೆ ಫೋನ್ ಮಾಡಿ, "ನಂಜುಂಡ ಹಾಲು ಕದೀತಾನೆ" ಅಂದ. ಇವರ ಕೆಲಸ ಹೋಯಿತು. ಆ ಜಾಗಕ್ಕೆ ಸೇರಿದವನು ಜೀವನ್ ಬಾಮೈದ.

ನಿನ್ನೆ ಜೀವನ್ ಬೇಲಿಯಾಚೆಯಿಂದ ಕೂಗಿದ: "ಆಂಟಿ, ಬಾಮೈದ ಗಿಣ್ಣುಹಾಲು ತಂದಿದಾನೆ. ಬೆಲ್ಲ ಎಷ್ಟು ಹಾಕ್ಬೇಕು?"