ಕೈಗೆ ಗೊತ್ತಿದ್ದ ಜಾಗ

ಮುಸೆಂಬಿ ಮೇಸ್ತ್ರಿಯ ಮುಖಕ್ಕಿಂತ ಮೊದಲು ವೈರಿಮುವಿನ ಕಣ್ಣಿಗೆ ಬಿದ್ದದ್ದು ಅವನ ಪಾದಗಳು. ನೈರೋಬಿಯ ಕರಿಯೊಬಾಂಗಿಯಲ್ಲಿ, ಗಾಡಿ ರಿಪೇರಿಯ ತಗಡಿನ ಶೆಡ್ಡುಗಳ ಸಾಲಿನ ಕೊನೆಗೆ ನಿಂತಿದ್ದ ಯಾರದೋ ವ್ಯಾನಿನ ಬಾಗಿಲಿನಿಂದ ಎರಡು ಒಡೆದ ಹಿಮ್ಮಡಿಗಳು ಹೊರಗೆ ಚಾಚಿದ್ದವು. ಹಳೆ ಟೈರು ಕತ್ತರಿಸಿ ಮಾಡಿದ ಚಪ್ಪಲಿಗಳನ್ನು ಕೆಳಗೆ ಒಂದು ರಟ್ಟಿನ ಮೇಲೆ ಒತ್ತಾಗಿ ಜೋಡಿಸಿಟ್ಟಿತ್ತು. ಇನ್ನೊಬ್ಬರ ಗಾಡಿಯೊಳಗೆ ಚಪ್ಪಲಿ ಹಾಕಿಕೊಂಡು ಹೋಗದ ಮೇಸ್ತ್ರಿಯನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಗಂಡ ಕಿನೂಥಿಯಾ ಕೂಗಿದ ಮೇಲೆ ಆ ಪಾದಗಳ ಹಿಂದೆ ಒಬ್ಬ ತೆಳ್ಳನೆಯ, ನರೆಗೂದಲಿನ ಮನುಷ್ಯ ಹೊರಗೆ ಜಾರಿ ಬಂದ. ತುಟಿಗಳ ನಡುವೆ ಒಂದು ತುಂಡು ಕೆಂಪು ವೈರು ಇತ್ತು.

ಕಿನೂಥಿಯಾ ಆಗಷ್ಟೇ ಹಳೆಯ ಬಿಳಿ ಕಾರೊಂದನ್ನು ಕೊಂಡು ಟ್ಯಾಕ್ಸಿ ಓಡಿಸಲು ಶುರು ಮಾಡಿದ್ದ. ಊರಿನಲ್ಲಿ ಕಾರು ಕಸಿಯುವವರ ಕಾಟ ಹೆಚ್ಚಾಗಿದ್ದ ಕಾಲ ಅದು. ಪೆಟ್ರೋಲು ನಿಲ್ಲಿಸುವ ಕಳ್ಳ ಸ್ವಿಚ್ಚಿಗೆ ಮುಸೆಂಬಿಯೇ ಆಗಬೇಕು ಎಂದು ಸ್ಟ್ಯಾಂಡಿನ ಡ್ರೈವರುಗಳೆಲ್ಲ ಹೇಳಿದ್ದರು. ಸ್ವಿಚ್ಚು ಆಫ್ ಇದ್ದರೂ ಇಂಜಿನ್ ಹತ್ತಿಕೊಳ್ಳುತ್ತದೆ, ಪೈಪಿನಲ್ಲಿ ಉಳಿದ ಪೆಟ್ರೋಲು ಇರುವಷ್ಟು ದೂರ ಓಡುತ್ತದೆ, ಆಮೇಲೆ ಕೆಮ್ಮಿ ನಿಲ್ಲುತ್ತದೆ.

"ನಿಮ್ಮ ಕಾಂಬಾ ಜನಕ್ಕೆ ಮಾಟ ಬರುತ್ತಲ್ಲ ಮೇಸ್ತ್ರಿ, ಕಳ್ಳನ ಕುಂಡಿ ಸೀಟಿಗೆ ಅಂಟೋ ಹಾಗೆ ಮಾಡಿಬಿಡು. ವೈರು ಯಾಕೆ?" ಎಂದ ಕಿನೂಥಿಯಾ.

"ಮಾಟಕ್ಕೆ ಆಡು ಕೇಳ್ತಾರಪ್ಪ. ನೀವು ಕಿಕುಯುಗಳು ಆಡು ಬಿಚ್ಚೋ ಪೈಕಿನಾ? ಪ್ರಾಣ ಬೇಕಾದ್ರೂ ಬಿಟ್ಟೀರಿ, ಕಾರು ಬಿಡೋರಲ್ಲ."

ಕಿನೂಥಿಯಾ ನಕ್ಕುಬಿಟ್ಟ. ಆದರೆ ವೈರಿಮುವಿನ ಮುಖ ನೋಡಿ ನಗು ನಿಲ್ಲಿಸಿ, ಗನ್ನು ಕಂಡರೆ ತಾನು ಕೀಲಿ ಕೊಟ್ಟು, ದಾರಿಯನ್ನೂ ತೋರಿಸಿ ಮನೆಗೆ ಬರುವವನು ಎಂದು ಅವಳ ಎದುರಿಗೇ ಮಾತು ಕೊಟ್ಟ. ಸ್ವಿಚ್ಚು ಇರುವುದು ನಿಲ್ಲಿಸಿಟ್ಟ ಕಾರಿಗೆ ಮಾತ್ರ.

ಕೆಲಸ ಮುಗಿದು ಜಾಗ ತೋರಿಸುವ ಹೊತ್ತಿಗೆ ಮುಸೆಂಬಿ ಅವಳ ಕಡೆ ತಿರುಗಿದ. "ನ್ಯೋಕಾಬಿಯ ಅಮ್ಮ, ಅಲ್ಲಿ ಕಬ್ಬು ಮಾರ್ತಾರೆ. ಮಗಳಿಗೆ ಒಂದೆರಡು ತುಂಡು ತಗೊಂಡು ಬನ್ನಿ" ಎಂದ. ತನ್ನನ್ನು ದೂರ ಕಳಿಸುತ್ತಿದ್ದಾನೆಂದು ಅವಳಿಗೆ ಗೊತ್ತಾಗಿ ಮೈ ಉರಿಯಿತು. ಹೋಗುವಾಗ ಬೆನ್ನ ಹಿಂದೆ ಅವನ ಮಾತು ಕೇಳಿಸಿತು. "ಈ ಜಾಗ ಕೈಗೆ ಗೊತ್ತಿರಬೇಕು, ಬಾಯಿಗೆ ಗೊತ್ತಿರಬಾರದು. ಕೈ ತಾನೇ ಹೋಗಿ ಬರೋವರೆಗೂ ಅಭ್ಯಾಸ ಮಾಡು."

ಕಿನೂಥಿಯಾ ಅಭ್ಯಾಸ ಮಾಡಿದ. ಪ್ರತಿ ಸಂಜೆ ವಠಾರದ ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವ ಕರಕರ ಸದ್ದು ಕೇಳಿದರೆ ವೈರಿಮು ಒಲೆಯ ಮೇಲಿನ ಜೋಳ-ಕಾಳಿನ ಗಿಥೆರಿ ಬಿಸಿ ಮಾಡಲು ಏಳುತ್ತಿದ್ದಳು. ಸ್ವಿಚ್ಚು ಎಲ್ಲಿದೆಯೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನಿಗೆ ಹೊಸದೊಂದು ಚಾಳಿ ಅಂಟಿಕೊಂಡಿದ್ದನ್ನು ಮಾತ್ರ ಅವಳು ಕಂಡಿದ್ದಳು. ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಎದ್ದೇಳುವ ಮುನ್ನ ಅವನ ಎಡಗೈ ಬೆಂಚಿನ ಅಂಚಿನ ಅಡಿಗೆ ಹೋಗಿ ಬರುತ್ತಿತ್ತು. ತಿಗಣೆ ಹುಡುಕುತ್ತೀಯಾ ಎಂದು ಅವಳು ಕೆಣಕಿದರೆ, ಕೈ ಎಲ್ಲಿಗೆ ಹೋಗಿತ್ತೆಂಬುದೇ ಅವನಿಗೆ ಗೊತ್ತಿರುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಇಬ್ಬರು ಗಿರಾಕಿಗಳು ಅವನ ಕಾರು ಹತ್ತಿ, ದಂಡೋರಾ ಬಡಾವಣೆಯ ದಾರಿಯಲ್ಲಿ ಕುತ್ತಿಗೆಗೆ ಗನ್ನು ಹಿಡಿದರು. ರಸ್ತೆ ಬದಿಯಲ್ಲಿ ಜೋಳದ ತೆನೆ ಸುಡುತ್ತಿದ್ದ ಹೆಂಗಸು ಎಲ್ಲವನ್ನೂ ಕಂಡಳು. ಕಾರು ನಿಂತಿತು, ಡ್ರೈವರು ಹ್ಯಾಂಡ್‌ಬ್ರೇಕ್ ಎಳೆದ. ಇವನು ಮನೆ ಬಾಗಿಲಲ್ಲಿ ಗಾಡಿ ನಿಲ್ಲಿಸಿದ ಹಾಗೆ ನಿಲ್ಲಿಸುತ್ತಾನಲ್ಲ ಎಂದು ಕಳ್ಳರೇ ನಕ್ಕರು. ಅವನು ಎರಡೂ ಕೈ ಮೇಲೆತ್ತಿಕೊಂಡು ಇಳಿದ. ಅವರು ಕಾರು ಓಡಿಸಿಕೊಂಡು ಹೋದರು. ತಿರುವಿನಾಚೆ ಕಾರು ಕೆಮ್ಮಿ ನಿಂತಿತು. ಅವರು ನಡೆದುಕೊಂಡು ವಾಪಸು ಬಂದರು. ಕಿನೂಥಿಯಾ ಇನ್ನೂ ಅಲ್ಲೇ ಕೈ ಎತ್ತಿಕೊಂಡು ನಿಂತಿದ್ದ.

ಸಾವಿನ ಮನೆಗೆ ಬಂದವರೆಲ್ಲ ಟೀ ಕುಡಿದು ಸಮಾಧಾನ ಹೇಳಿದರು, ಅಂಗಳ ದಾಟಿದ ಮೇಲೆ ತಮ್ಮತಮ್ಮಲ್ಲಿ ಬೇರೆಯದನ್ನೇ ಮಾತಾಡಿಕೊಂಡರು. ಕಿನೂಥಿಯಾನ ಅಣ್ಣನಂತೂ ಅವಳ ಎದುರಿಗೇ, "ಕಾರಿಗೋಸ್ಕರ ಪ್ರಾಣ ಕಳಕೊಂಡ ಪೆದ್ದ. ಹೆಂಡ್ತಿ ಮಗು ನೆನಪಾಗಲಿಲ್ವಲ್ಲ ಅವನಿಗೆ" ಎಂದ. ಅದೇ ಪ್ರಶ್ನೆ ವೈರಿಮುವನ್ನೂ ಕಾಡುತ್ತಿತ್ತು.  ಕೊಟ್ಟ ಮಾತು ಮರೆತು, ಮಗಳನ್ನೂ ಮರೆತು, ಅವನು ಕಾರನ್ನೇ ಆರಿಸಿಕೊಂಡನೇ?

ಕಾರು ಪೊಲೀಸ್ ಠಾಣೆಯ ಅಂಗಳದಲ್ಲಿ ನಿಂತಿತ್ತು. ಅದನ್ನು ಓಡಿಸಲು ಯಾರಿಂದಲೂ ಆಗಲಿಲ್ಲ. ಜಾಗ ಗೊತ್ತಿದ್ದ ಇಬ್ಬರಲ್ಲಿ ಒಬ್ಬ ಮಣ್ಣು ಸೇರಿದ್ದ. ವೈರಿಮು ಇನ್ನೊಬ್ಬನಿಗೆ ಹೇಳಿ ಕಳಿಸಿದಳು.

ಮುಸೆಂಬಿ ಬಂದು ಚಪ್ಪಲಿ ಹೊರಗೆ ಬಿಟ್ಟು ಡ್ರೈವರಿನ ಸೀಟಿನಲ್ಲಿ ಕೂತ. ಈ ಸಲ ಅವಳು ದೂರ ಹೋಗಲಿಲ್ಲ, ಪಕ್ಕದ ಸೀಟಿನಲ್ಲೇ ಕೂತಳು. ಅವನ ಎಡಗೈ ಹ್ಯಾಂಡ್‌ಬ್ರೇಕಿನ ಪಕ್ಕದಿಂದ ಸೀಟಿನ ಅಂಚಿನ ಅಡಿಗೆ ಇಳಿದು ಅಲ್ಲೇ ನಿಂತಿತು.

"ಆಫ್ ಆಗಿದೆಯಾ?" ಎಂದಳು.

ವೈರು ಕಿತ್ತುಹೋಗಿದೆ ಎಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳು. ಮುಸೆಂಬಿ ಅವಳ ಕಡೆ ತಿರುಗಿದ.

"ಆಫ್ ಆಗಿದೆ ಅಮ್ಮ. ಅವನ ಕೈಯೇ ಮಾಡಿರೋದು. ಕಳ್ಳರು ನಕ್ಕರಂತಲ್ಲ, ಬ್ರೇಕ್ ಎಳೆದ ಅಂತ? ಕಾರು ಉಳಿಸೋಕೆ ಹೊರಟವನು ಬ್ರೇಕ್ ಯಾಕೆ ಎಳೀತಾನೆ? ಬ್ರೇಕ್ ಎಳೆದ ಕೈ ದಿನಾ ಹೋಗೋ ಜಾಗಕ್ಕೆ ಹೋಯ್ತು. ಅವನಿಗೆ ಗೊತ್ತೇ ಆಗಿಲ್ಲ. ಗೊತ್ತಾಗಿದ್ರೆ ಅಲ್ಲೇ ನಿಂತಿರ್ತಿದ್ನಾ, ಓಡ್ತಿರಲಿಲ್ವಾ? ಆ ಕೈಗೆ ಕಲಿಸಿದ್ದು ನಾನು."

ವೈರಿಮುವಿಗೆ ಚರ್ಚಿನ ಬೆಂಚು ನೆನಪಾಯಿತು. ತಿಗಣೆಯ ಮಾತನ್ನು ಅವನಿಗೆ ಹೇಳುತ್ತ, ತನ್ನ ಎಡಗೈಯನ್ನು ಸೀಟಿನ ಅಂಚಿನ ಅಡಿಗೆ ಒಯ್ದು ತೋರಿಸಿದಳು. ಮುಸೆಂಬಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಅವನು ಸ್ವಿಚ್ಚು ಒತ್ತಿ ಕೀಲಿ ತಿರುಗಿಸಿದ. ಇಂಜಿನ್ ಹತ್ತಿಕೊಂಡು ಒಮ್ಮೆ ತಡವರಿಸಿತು, ಆಮೇಲೆ ಒಂದೇ ಸಮನೆ ಓಡತೊಡಗಿತು.

ಅಂದು ಸಂಜೆ ಅವಳು ಮನಸಾರೆ ಅತ್ತಳು. ಮಾರನೆಯ ದಿನ ಭಾವನನ್ನು ಕರೆಸಿ, ಕಿನೂಥಿಯಾ ಮಾತು ತಪ್ಪಿರಲಿಲ್ಲ ಎಂದು ಹೇಳಿದಳು. ಅವನು ನಂಬಿದನೋ ಇಲ್ಲವೋ, ಪೆದ್ದ ಎಂಬ ಮಾತನ್ನು ಮತ್ತೆ ಆಡಲಿಲ್ಲ.

ಮುಸೆಂಬಿ ಈಗಲೂ ಕರಿಯೊಬಾಂಗಿಯ ಅದೇ ಶೆಡ್ಡಿನಲ್ಲಿದ್ದಾನೆ. ಸ್ವಿಚ್ಚನ್ನು ಡ್ರೈವರಿನ ಕೈಗೆಟುಕುವ ಜಾಗದಲ್ಲಿ ಹಾಕುವುದಿಲ್ಲ. ಹಿಂದೆ ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ ಹಾಕುತ್ತಾನೆ. ಇದು ಆಗದು ಎನ್ನುವವರನ್ನು ಪಕ್ಕದ ಶೆಡ್ಡಿಗೆ ಕಳಿಸುತ್ತಾನೆ. ಜಾಗ ತೋರಿಸುವಾಗ ಹೆಂಡತಿ ಜೊತೆಗೆ ಬಂದಿದ್ದರೆ ಅವಳನ್ನೂ ಹತ್ತಿರ ಕರೆಯುತ್ತಾನೆ.